ದೋಸೆ ಹಿಟ್ಟಿನ ಒಂದು ರಾತ್ರಿ: ಚಯಾಪಚಯ ಬೇರೆ, ಬೆಳವಣಿಗೆ ಬೇರೆ

ದೋಸೆ ಹಿಟ್ಟು ರುಬ್ಬಿ ಫ್ರಿಜ್ಜಿನಲ್ಲಿಡುವ ಮನೆಗಳಿಗೆಲ್ಲ ಗೊತ್ತಿರುವ ಸಂಗತಿ ಇದು. ಮೊದಲ ರಾತ್ರಿ ಅಡುಗೆಕಟ್ಟೆಯ ಮೇಲಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಮುಚ್ಚಳ ಎತ್ತಿರುತ್ತದೆ, ಹುಳಿಯೂ ಹದವಾಗಿರುತ್ತದೆ. ಮಿಕ್ಕ ಹಿಟ್ಟು ಫ್ರಿಜ್ಜಿಗೆ ಹೋಗುತ್ತದೆ. ತಣ್ಣಗಿನ ಜಾಗದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂದು ಶಾಲೆಯಲ್ಲೇ ಓದಿದ್ದೇವಲ್ಲ. ಆದರೂ ನಾಲ್ಕನೆಯ ದಿನ ಅದೇ ಹಿಟ್ಟಿನಲ್ಲಿ ದೋಸೆ ಹೊಯ್ದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಬೆಳವಣಿಗೆ ನಿಂತ ಮೇಲೆ ಈ ಹುಳಿ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಹೇಳಬೇಕಾದರೆ ಎರಡು ಗುಂಪಿನ ಪದಗಳು ಬೇಕು. ಒಂದು ಗುಂಪು, ಒಂದೇ ಒಂದು ಜೀವಕೋಶದ ಒಳಗೆ ಏನು ನಡೆಯುತ್ತದೆ ಎಂದು ಹೇಳುವ ಪದಗಳದ್ದು: ಚಯಾಪಚಯ, ಕಿಣ್ವ, ಎಟಿಪಿ, ಹುದುಗುವಿಕೆ ಇತ್ಯಾದಿ. ಇನ್ನೊಂದು, ಅಂಥ ಕೋಶಗಳ ಸಂಖ್ಯೆ ಹೇಗೆ ಏರಿಳಿಯುತ್ತದೆ ಎಂದು ಹೇಳುವ ಪದಗಳದ್ದು: ಲ್ಯಾಗ್ ಹಂತ, ಲಾಗ್ ಹಂತ, ದ್ವಿಗುಣ ಅವಧಿ, ಹೀಗೆ. ಸೂಕ್ಷ್ಮಜೀವಿ ವಿಜ್ಞಾನದ ಮೊದಲ ವರ್ಷದಲ್ಲಿ ಎಡವುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎಡವುವುದು ಈ ಎರಡನ್ನೂ ಒಂದೇ ಎಂದುಕೊಂಡು. ಅವರದು ತಪ್ಪೆನ್ನಲಾಗದು. ಹಿಟ್ಟು ಉಬ್ಬುವುದನ್ನೇ ನಾವು ‘ಬೆಳೆಯಿತು’ ಅನ್ನುತ್ತೇವೆ. ನಿಜಕ್ಕೂ ಉಬ್ಬು ಎಂದರೆ ಸಿಕ್ಕಿಬಿದ್ದ ಗಾಳಿ, ಚಯಾಪಚಯ ಬಿಟ್ಟುಹೋದ ಗುರುತು. ಬೆಳವಣಿಗೆ ಕಣ್ಣಿಗೆ ಕಾಣುವುದೇ ಇಲ್ಲ.

ಕಟ್ಟುವುದು, ಕೆಡಹುವುದು

ಈ ವಿಷಯದಲ್ಲಿ ಕನ್ನಡದ ವಿದ್ಯಾರ್ಥಿಗೆ ಒಂದು ಅನುಕೂಲವಿದೆ. ಮೆಟಬಾಲಿಸಂ ಅನ್ನುವ ಪದ ತನ್ನೊಳಗೆ ಏನಿದೆ ಎಂದು ಬಿಟ್ಟುಕೊಡುವುದಿಲ್ಲ; ಚಯಾಪಚಯ ಬಿಟ್ಟುಕೊಡುತ್ತದೆ. ಚಯ ಎಂದರೆ ಕೂಡಿಸುವುದು, ಅಪಚಯ ಎಂದರೆ ಕಳೆಯುವುದು. ದೊಡ್ಡ ಅಣುಗಳನ್ನು ಒಡೆದು ಶಕ್ತಿಯನ್ನೂ ಸಣ್ಣ ತುಣುಕುಗಳನ್ನೂ ಪಡೆಯುವ ಕೆಲಸ ಅಪಚಯ. ಆ ಶಕ್ತಿಯಿಂದ ಆ ತುಣುಕುಗಳನ್ನೇ ಜೋಡಿಸಿ ಪ್ರೋಟೀನು, ಡಿಎನ್‌ಎ, ಕೋಶದ ಗೋಡೆ ಕಟ್ಟುವ ಕೆಲಸ ಚಯ. ಎರಡೂ ಸೇರಿದರೆ ಚಯಾಪಚಯ. ಹಳೇ ಮನೆ ಕೆಡವಿ ಅದರದೇ ಕಲ್ಲು, ತೊಲೆಗಳಿಂದ ಹೊಸ ಮನೆ ಕಟ್ಟುವವರ ಲೆಕ್ಕಾಚಾರ ಹೀಗೆಯೇ ಇರುತ್ತದೆ. ಒಂದು ವ್ಯತ್ಯಾಸ ಮಾತ್ರ: ಕೋಶದೊಳಗೆ ಕೆಡವುವ ಕೆಲಸವೇ ಕಟ್ಟುವವರಿಗೆ ಕೂಲಿಯನ್ನೂ ಹುಟ್ಟಿಸುತ್ತದೆ.

ಈ ಕೆಲಸ ಮಾಡುವವು ಕಿಣ್ವಗಳು. ಕಿಣ್ವವೆಂದರೆ ಒಂದು ರಾಸಾಯನಿಕ ಕ್ರಿಯೆಯನ್ನು ವೇಗಗೊಳಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ಪ್ರೋಟೀನು. ಅದು ಕೈಗೆತ್ತಿಕೊಳ್ಳುವ ವಸ್ತುವಿಗೆ ಸಬ್‌ಸ್ಟ್ರೇಟ್ ಎಂದು ಹೆಸರು. ಕಿಣ್ವ ಅನ್ನುವ ಪದವೂ ಸ್ವಾರಸ್ಯಕರ. ಸಂಸ್ಕೃತದಲ್ಲಿ ಅದು ಹೆಂಡ ಹುದುಗಿಸಲು ಹಾಕುವ ಪದಾರ್ಥದ ಹೆಸರು. 1870ರ ದಶಕದಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಕ್ಯೂನೆ ಟಂಕಿಸಿದ ಎನ್‌ಜೈಮ್ ಎಂಬ ಪದಕ್ಕೂ ಗ್ರೀಕಿನಲ್ಲಿ ‘ಹುದುಗಿನಲ್ಲಿರುವುದು’ ಎಂದೇ ಅರ್ಥ. ಎರಡು ಭಾಷೆಗಳು ಒಂದೇ ಮಡಕೆಯಲ್ಲಿ ಕೈ ಹಾಕಿದಂತಾಯಿತು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು, ಹಿಂಡಿ, ಜೀವಂತ ಕೋಶಗಳಿಲ್ಲದ ಬರೀ ರಸಕ್ಕೆ ಸಕ್ಕರೆ ಹಾಕಿದರು; ಗುಳ್ಳೆ ಎದ್ದವು. ಹುದುಗಲು ಜೀವ ಇರಲೇಬೇಕೆಂದಿಲ್ಲ, ಜೀವ ತಯಾರಿಸಿಟ್ಟ ಕಿಣ್ವಗಳಿದ್ದರೆ ಸಾಕು ಎಂದು ತಿಳಿದದ್ದು ಆಗ. ನಮ್ಮ ಫ್ರಿಜ್ಜಿನ ಪ್ರಶ್ನೆಯ ಉತ್ತರದ ಒಂದು ಎಳೆ ಇಲ್ಲಿದೆ.

ಇನ್ನು ಎಟಿಪಿ, ಅಂದರೆ ಅಡಿನೋಸಿನ್ ಟ್ರೈಫಾಸ್ಫೇಟ್. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿದರು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಮತ್ತು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಕೂಡ ಇದನ್ನು ಕಂಡುಕೊಂಡರು. ಸುಬ್ಬರಾವ್ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನಷ್ಟು ದಪ್ಪ ಅಕ್ಷರದಲ್ಲಿ ಇರಬೇಕಿತ್ತು ಅನ್ನುವುದು ನನ್ನ ದೂರು. ಎಟಿಪಿಯ ಮೂರು ಫಾಸ್ಫೇಟುಗಳಲ್ಲಿ ಕೊನೆಯದು ಕಳಚಿದಾಗ ಶಕ್ತಿ ಬಿಡುಗಡೆಯಾಗಿ ಎಡಿಪಿ ಉಳಿಯುತ್ತದೆ. ಎಡಿಪಿಗೆ ಫಾಸ್ಫೇಟ್ ಮರಳಿ ಅಂಟಿಸಿದರೆ ಮತ್ತೆ ಎಟಿಪಿ. ಪುಸ್ತಕಗಳು ಇದನ್ನು ‘ಶಕ್ತಿಯ ನಾಣ್ಯ’ ಎಂದು ಕರೆಯುತ್ತವೆ. ನನಗೆ ಆ ಹೋಲಿಕೆ ಅಷ್ಟು ಒಪ್ಪಿಗೆಯಿಲ್ಲ. ನಾಣ್ಯವನ್ನು ಕೂಡಿಡಬಹುದು, ಎಟಿಪಿಯನ್ನು ಕೂಡಿಡಲಾಗದು. ಚುರುಕಾಗಿರುವ ಬ್ಯಾಕ್ಟೀರಿಯಾದೊಳಗಿನ ಒಟ್ಟು ಎಟಿಪಿ ಕೆಲವೇ ಸೆಕೆಂಡುಗಳ ಖರ್ಚಿಗೆ ಸಾಲುವಷ್ಟು. ಇದು ದಿನಗೂಲಿ, ಬ್ಯಾಂಕಿನ ಠೇವಣಿಯಲ್ಲ. ಒಂದು ಗಳಿಗೆ ಗಳಿಕೆ ನಿಂತರೂ ಕೋಶ ಕಂಗಾಲು.

ಎಲೆಕ್ಟ್ರಾನುಗಳನ್ನು ಎಲ್ಲಿ ಸುರಿಯುವುದು?

ಸಕ್ಕರೆಯಿಂದ ಶಕ್ತಿ ತೆಗೆಯುವುದೆಂದರೆ ಅದರಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುವುದು. ಎಲೆಕ್ಟ್ರಾನ್ ಕಳೆದುಕೊಳ್ಳುವುದಕ್ಕೆ ಉತ್ಕರ್ಷಣ, ಪಡೆದುಕೊಳ್ಳುವುದಕ್ಕೆ ಅಪಕರ್ಷಣ ಎಂದು ಹೆಸರು. ಒಬ್ಬರು ಕಳೆದುಕೊಳ್ಳದೆ ಇನ್ನೊಬ್ಬರು ಪಡೆಯಲಾರರು, ಹಾಗಾಗಿ ಎರಡೂ ಜೊತೆಜೊತೆಗೇ ನಡೆಯುತ್ತವೆ. ಕಿತ್ತ ಎಲೆಕ್ಟ್ರಾನುಗಳನ್ನು ಹೊರಲು ಕೋಶದಲ್ಲಿ ಎನ್‌ಎಡಿ ಎಂಬ ಸಣ್ಣ ಅಣುವಿದೆ. ಹೊರೆ ಹೊತ್ತಾಗ ಅದು ಎನ್‌ಎಡಿಎಚ್.

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ಲ? ಸಾಲಾಗಿ ನಿಂತವರ ಕೈಯಿಂದ ಕೈಗೆ ಕಾಂಕ್ರೀಟ್ ತುಂಬಿದ ಬಾಂಡ್ಲಿ ಮೇಲೆ ಹೋಗುತ್ತದೆ, ಖಾಲಿ ಬಾಂಡ್ಲಿ ಕೆಳಗೆ ಬರುತ್ತದೆ. ಮೇಲೆ ಸುರಿಯಲು ಜಾಗವಿಲ್ಲದೆ ತುಂಬಿದ ಬಾಂಡ್ಲಿಗಳು ಅಲ್ಲೇ ನಿಂತುಬಿಟ್ಟರೆ? ಕೆಳಗೆ ಜಲ್ಲಿ, ಸಿಮೆಂಟು, ಮರಳು ರಾಶಿ ಬಿದ್ದಿದ್ದರೂ ಕೆಲಸ ನಿಲ್ಲುತ್ತದೆ, ಖಾಲಿ ಬಾಂಡ್ಲಿ ಇಲ್ಲ ಎನ್ನುವ ಒಂದೇ ಕಾರಣಕ್ಕೆ. ಎನ್‌ಎಡಿಯ ಕತೆ ಇದೇ. ಕೋಶದಲ್ಲಿ ಅದರ ಸಂಖ್ಯೆ ಕಡಿಮೆ. ತುಂಬಿದ್ದನ್ನು ಎಲ್ಲಾದರೂ ಸುರಿದು ಖಾಲಿ ಮಾಡಲೇಬೇಕು. ಎಲ್ಲಿ ಸುರಿಯುತ್ತದೆ ಅನ್ನುವುದೊಂದು ಗೊತ್ತಾದರೆ ಉಸಿರಾಟ, ಅವಾಯುವಿಕ ಉಸಿರಾಟ, ಹುದುಗುವಿಕೆ ಎಂಬ ಮೂರು ಪದಗಳ ಗೊಂದಲ ಒಂದೇ ಏಟಿಗೆ ಬಿಡಿಸಿಕೊಳ್ಳುತ್ತದೆ.

ಬಹಳಷ್ಟು ಜೀವಿಗಳಲ್ಲಿ ಮೊದಲ ಹೆಜ್ಜೆ ಗ್ಲೈಕಾಲಿಸಿಸ್, ಅಂದರೆ ಸಕ್ಕರೆ ಸೀಳುವಿಕೆ. ಆರು ಕಾರ್ಬನ್ನಿನ ಒಂದು ಗ್ಲೂಕೋಸ್ ಒಡೆದು ಮೂರು ಕಾರ್ಬನ್ನಿನ ಎರಡು ಪೈರುವೇಟ್ ಆಗುತ್ತವೆ. ಕೂಲಿಯಾಗಿ 2 ಎಟಿಪಿ ಕೈಗೆ ಸಿಗುತ್ತದೆ, 2 ಬಾಂಡ್ಲಿ ಎಲೆಕ್ಟ್ರಾನ್ ತುಂಬಿಕೊಳ್ಳುತ್ತವೆ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಆಮ್ಲಜನಕವಿದ್ದು, ಅದನ್ನು ಬಳಸುವ ಸಲಕರಣೆಯೂ ಇದ್ದರೆ ಪೈರುವೇಟ್ ಮುಂದೆ ಕ್ರೆಬ್ಸ್ ಚಕ್ರ ಎಂಬ ಕ್ರಿಯೆಗಳ ಸರಣಿಗೆ ಸೇರಿ (ಹಾನ್ಸ್ ಕ್ರೆಬ್ಸ್ ಇದನ್ನು ವಿವರಿಸಿದ್ದು 1937ರಲ್ಲಿ) ಪೂರ್ತಿ ಇಂಗಾಲದ ಡೈಆಕ್ಸೈಡ್ ಆಗಿ ಮುಗಿಯುತ್ತದೆ. ಬಾಂಡ್ಲಿಗಳು ತಮ್ಮ ಹೊರೆಯನ್ನು ಪೊರೆಯಲ್ಲಿ ಸಾಲುಗಟ್ಟಿದ ಪ್ರೋಟೀನುಗಳಿಗೆ ಒಪ್ಪಿಸುತ್ತವೆ. ಎಲೆಕ್ಟ್ರಾನುಗಳು ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಹಾದಿಯಲ್ಲಿ ಹೊಮ್ಮಿದ ಶಕ್ತಿ ಪ್ರೋಟಾನುಗಳನ್ನು ಪೊರೆಯ ಆಚೆಗೆ ತಳ್ಳುತ್ತದೆ. ಲಿಂಗನಮಕ್ಕಿಯ ನೀರು ಇಳಿದು ಟರ್ಬೈನ್ ತಿರುಗಿಸುವ ಹಾಗೆ ಆ ಪ್ರೋಟಾನುಗಳು ವಾಪಸು ಹರಿಯುವಾಗ ಎಟಿಪಿ ಸಿಂಥೇಸ್ ಎಂಬ ಕಿಣ್ವ ತಿರುಗುತ್ತದೆ, ನಿಜವಾಗಿಯೂ ಗಿರಗಿರನೆ ತಿರುಗುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಈ ಪ್ರೋಟಾನ್ ಹರಿವಿನ ಕಲ್ಪನೆಯನ್ನು ಮುಂದಿಟ್ಟಾಗ ನಂಬಿದವರು ಕಡಿಮೆ. 1978ರಲ್ಲಿ ನೊಬೆಲ್ ಬಂತು. ಹೀಗೆ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ ಸಿಗುತ್ತದೆ. ಇದು ಕೋಶದ ಉಸಿರಾಟ. ಮೂಗು, ಶ್ವಾಸಕೋಶಗಳ ಉಸಿರಾಟಕ್ಕೂ ಇದಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ.

ಆಮ್ಲಜನಕವಿಲ್ಲದಿದ್ದರೆ ಅದೇ ಸಾಲಿನ ತುದಿಯಲ್ಲಿ ನೈಟ್ರೇಟನ್ನೋ ಸಲ್ಫೇಟನ್ನೋ ನಿಲ್ಲಿಸಿ ಎಲೆಕ್ಟ್ರಾನ್ ಒಪ್ಪಿಸುವ ಬ್ಯಾಕ್ಟೀರಿಯಾಗಳಿವೆ. ಅದು ಅವಾಯುವಿಕ ಉಸಿರಾಟ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಇದು ಸದಾ ನಡೆಯುತ್ತಿರುತ್ತದೆ. ನೈಟ್ರೇಟ್ ಗೊಬ್ಬರದ ಒಂದು ಪಾಲು ನೈಟ್ರೋಜನ್ ಅನಿಲವಾಗಿ ಗಾಳಿಗೆ ಹಾರಿಹೋಗುವುದು ಈ ಕಾರಣಕ್ಕೇ. ಭತ್ತಕ್ಕೆ ಅಮೋನಿಯಂ ರೂಪದ ಗೊಬ್ಬರ ಮೇಲು ಅನ್ನುವುದರ ಹಿಂದಿನ ತರ್ಕವೂ ಇದೇ.

ಮೂರನೆಯ ದಾರಿಯಲ್ಲಿ ಹೊರಗಿನ ಯಾರ ಹಂಗೂ ಇಲ್ಲ. ಎಲೆಕ್ಟ್ರಾನುಗಳನ್ನು ಸಕ್ಕರೆಯಿಂದಲೇ ಬಂದ ಪೈರುವೇಟಿನ ಮೇಲೆ, ಅಥವಾ ಅದರಿಂದಾದ ಇನ್ನೊಂದು ಅಣುವಿನ ಮೇಲೆ, ಮರಳಿ ಸುರಿಯುವುದು. ಪೈರುವೇಟಿನ ಮೇಲೆ ಸುರಿದರೆ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಅದರಿಂದ ಒಂದು ಇಂಗಾಲದ ಡೈಆಕ್ಸೈಡ್ ಕಳಚಿ, ಉಳಿದದ್ದರ ಮೇಲೆ ಸುರಿದರೆ ಆಲ್ಕೋಹಾಲ್. ಇದು ಹುದುಗುವಿಕೆ. ಅಂದರೆ ನಾವು ಚಪ್ಪರಿಸುವ ಮೊಸರಿನ ಹುಳಿ ಬ್ಯಾಕ್ಟೀರಿಯಾದ ದೃಷ್ಟಿಯಿಂದ ಕಸದ ಗುಂಡಿ. ಬಾಂಡ್ಲಿ ಖಾಲಿಯಾಗಲಿ ಎಂದು ಮಾಡಿಕೊಂಡ ಏರ್ಪಾಡು. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಆ ಕೊನೆಯ ಹೆಜ್ಜೆಯಲ್ಲಿ ಒಂದೂ ಎಟಿಪಿ ಹುಟ್ಟುವುದಿಲ್ಲ.

ಶಾಲೆಯ ಪಾಠಗಳಲ್ಲಿ ಹುದುಗುವಿಕೆಯನ್ನೂ ಅವಾಯುವಿಕ ಉಸಿರಾಟವನ್ನೂ ಒಂದೇ ಹೆಸರಿನಡಿ ಸೇರಿಸುವ ರೂಢಿಯಿದೆ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಹಾಗಲ್ಲ: ಪೊರೆಯ ಸಾಲೂ ಎಲೆಕ್ಟ್ರಾನ್ ಪಡೆಯುವ ಹೊರಗಿನ ವಸ್ತುವೂ ಇದ್ದರೆ ಉಸಿರಾಟ, ಅವೆರಡೂ ಇಲ್ಲದಿದ್ದರೆ ಹುದುಗುವಿಕೆ. ‘ಆಮ್ಲಜನಕ ಇಲ್ಲದಿದ್ದರೆ ಹುದುಗುವಿಕೆ’ ಎಂಬ ಸೂತ್ರವೂ ಅರ್ಧ ಸತ್ಯ. ಮೊಸರಿನ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯವಾಗಿ ಪೂರ್ತಿ ಉಸಿರಾಟದ ಸಾಲೇ ಇಲ್ಲ. ಗಾಳಿ ಇದ್ದರೂ ಅವು ಹುದುಗಿಸುತ್ತಲೇ ಇರುತ್ತವೆ. ಇವಕ್ಕೆ ವಾಯುಸಹಿಷ್ಣು ಅನ್ನುತ್ತಾರೆ. ಇನ್ನು ಕಾರ್ಖಾನೆಯವರು ದೊಡ್ಡ ಟ್ಯಾಂಕಿನಲ್ಲಿ ಯಾವ ಸೂಕ್ಷ್ಮಜೀವಿಯನ್ನು ಬೆಳೆಸಿದರೂ, ಭರ್ತಿ ಗಾಳಿ ಊದಿ ಬೆಳೆಸಿದರೂ, ಅದನ್ನು ಫರ್ಮೆಂಟೇಶನ್ ಎಂದೇ ಕರೆಯುತ್ತಾರೆ. ಅದು ವೃತ್ತಿಯ ಮಾತು. ಅದರೊಡನೆ ಜಗಳವಾಡಿ ಪ್ರಯೋಜನವಿಲ್ಲ.

ದೋಸೆ ಹಿಟ್ಟಿನಲ್ಲಿ ನಡೆಯುವುದು ಸ್ವಲ್ಪ ಬೇರೆ. ಗ್ಲೂಕೋಸನ್ನು ಹೆಚ್ಚುಕಡಿಮೆ ಪೂರ್ತಿ ಲ್ಯಾಕ್ಟಿಕ್ ಆಮ್ಲ ಮಾಡುವವು ಹೋಮೊಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಮನೆಯ ಮೊಸರಿನ ಲ್ಯಾಕ್ಟೊಕಾಕಸ್ ಈ ಜಾತಿ. ಇವು ಅನಿಲ ಬಿಡುವುದಿಲ್ಲ, ಅದಕ್ಕೇ ಒಳ್ಳೆಯ ಮೊಸರು ಗುಳ್ಳೆಯಿಲ್ಲದೆ ಗಟ್ಟಿಯಾಗಿ ಕೂರುತ್ತದೆ. ಲ್ಯೂಕೊನಾಸ್ಟಾಕ್‌ನಂಥ ಹೆಟೆರೊಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬೇರೊಂದು ದಾರಿ ಹಿಡಿದು ಒಂದು ಗ್ಲೂಕೋಸಿನಿಂದ ಒಂದು ಲ್ಯಾಕ್ಟಿಕ್ ಆಮ್ಲ, ಒಂದು ಆಲ್ಕೋಹಾಲ್, ಒಂದು ಇಂಗಾಲದ ಡೈಆಕ್ಸೈಡ್ ಮಾಡುತ್ತವೆ. ಗಳಿಕೆ 1 ಎಟಿಪಿ ಮಾತ್ರ. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್‌ನದೇ ಮುಖ್ಯ ಪಾತ್ರ ಎಂದು 1965ರಲ್ಲೇ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಈ ಬ್ಯಾಕ್ಟೀರಿಯಾಗಳನ್ನು ಯಾರೂ ಹಾಕುವುದಿಲ್ಲ. ಉದ್ದು, ಅಕ್ಕಿಗಳ ಜೊತೆಗೇ ಬರುತ್ತವೆ. ಅನಿಲವನ್ನು ಹಿಡಿದಿಡುವುದು ಉದ್ದಿನ ಲೋಳೆ ಮತ್ತು ಪ್ರೋಟೀನು. ಬರೀ ಅಕ್ಕಿ ಹಿಟ್ಟು ಹುಳಿಯಾದೀತು, ಹಾಗೆ ಉಬ್ಬಲಾರದು. ಅಂದಹಾಗೆ ಸೋಡಾ ಹಾಕಿ ಹತ್ತು ನಿಮಿಷದಲ್ಲಿ ಉಬ್ಬಿಸುವ ರವೆ ಇಡ್ಲಿಯಲ್ಲೂ ಇರುವುದು ಅದೇ ಅನಿಲ. ಆದರೆ ಅಲ್ಲಿ ಮೊಸರಿನ ಆಮ್ಲವೂ ಸೋಡಾವೂ ಕೂಡಿದವಷ್ಟೆ. ಹುದುಗಲು ಪುರಸೊತ್ತು ಎಲ್ಲಿ?

ಉಸಿರಾಟದ 30 ಎಟಿಪಿಯ ಮುಂದೆ 1 ಅಥವಾ 2 ಎಂದರೆ ದಟ್ಟ ದಾರಿದ್ರ್ಯ. ನಮ್ಮ ಲಾಭ ಇರುವುದು ಆ ದಾರಿದ್ರ್ಯದಲ್ಲೇ. ಸಕ್ಕರೆಯೊಂದಕ್ಕೆ ಸಿಗುವ ಕೂಲಿ ಕಡಿಮೆಯಾದ್ದರಿಂದ ಕೋಶ ಹೊಟ್ಟೆಪಾಡಿಗಾಗಿ ರಾಶಿ ಸಕ್ಕರೆ ಒಡೆಯಬೇಕು, ರಾಶಿ ಕಸ ಹೊರಹಾಕಬೇಕು. ಗಾಳಿ ಕೊಟ್ಟರೆ ಯೀಸ್ಟು ಕಡಿಮೆ ಸಕ್ಕರೆ ತಿಂದು ಹೆಚ್ಚು ಬೆಳೆಯುತ್ತದೆ, ಗಾಳಿ ತಪ್ಪಿಸಿದರೆ ಹೆಚ್ಚು ಸಕ್ಕರೆ ಮುಗಿಸುತ್ತದೆ ಎಂದು ಲೂಯಿ ಪಾಶ್ಚರ್ 19ನೇ ಶತಮಾನದಲ್ಲೇ ಗಮನಿಸಿದ್ದರು. ಒಡೆದ ಸಕ್ಕರೆಗೆ ಎಷ್ಟು ಕೋಶರಾಶಿ ದಕ್ಕಿತು ಎಂಬುದಕ್ಕೆ ಇಳುವರಿ ಎಂದೇ ಹೆಸರು, ಹೊಲದ ಇಳುವರಿಯ ಹಾಗೆ. 1960ರಲ್ಲಿ ಬಾಚಪ್ ಮತ್ತು ಎಲ್ಸ್‌ಡೆನ್ ಎಂಬವರು ಕೊಟ್ಟ ಲೆಕ್ಕ: ಒಂದು ಮೋಲ್ ಎಟಿಪಿಗೆ ಸುಮಾರು 10.5 ಗ್ರಾಂ ಒಣ ಕೋಶರಾಶಿ. ಹೋಮೊಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಒಂದು ಮೋಲ್, ಅಂದರೆ 180 ಗ್ರಾಂ, ಗ್ಲೂಕೋಸ್ ಒಡೆದರೆ ಸಿಗುವುದು 2 ಮೋಲ್ ಎಟಿಪಿ; ಅದರಿಂದ ಕಟ್ಟಬಹುದಾದ ಕೋಶರಾಶಿ ಸುಮಾರು 21 ಗ್ರಾಂ. ಚಯಾಪಚಯ ಮತ್ತು ಬೆಳವಣಿಗೆ ಎಂಬ ಎರಡು ಲೋಕಗಳನ್ನು ಕಟ್ಟಿಹಾಕುವ ಹಗ್ಗ ಎಟಿಪಿ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ.

ಯಾರಿಗೆ ಏನು ಆಹಾರ ಎಂಬ ವರ್ಗೀಕರಣದ ಪದಗಳನ್ನು ಬೇಗ ದಾಟಿಬಿಡೋಣ. ಕಾರ್ಬನ್ನನ್ನು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಪಡೆಯುವುದು ಸ್ವಪೋಷಕ, ಇನ್ನೊಬ್ಬರು ಮಾಡಿಟ್ಟ ಆಹಾರದಿಂದ ಪಡೆಯುವುದು ಪರಪೋಷಕ. ಬೆಳಕಿನಿಂದ ಶಕ್ತಿ ಪಡೆಯುವವು ಒಂದು ಬಗೆ, ರಾಸಾಯನಿಕಗಳಿಂದ ಪಡೆಯುವವು ಇನ್ನೊಂದು. ವಿಚಿತ್ರವಾದವು ಅಮೋನಿಯ, ಗಂಧಕ, ಕಬ್ಬಿಣದಂಥ ನಿರ್ಜೀವ ವಸ್ತುಗಳ ಎಲೆಕ್ಟ್ರಾನ್ ತಿಂದು, ಗಾಳಿಯ ಕಾರ್ಬನ್ನಿನಿಂದ ಮೈ ಕಟ್ಟಿಕೊಳ್ಳುವ ಬ್ಯಾಕ್ಟೀರಿಯಾಗಳು. ಹೊಲಕ್ಕೆ ಹಾಕಿದ ಯೂರಿಯಾದಿಂದ ಬಂದ ಅಮೋನಿಯಂ ಕೊನೆಗೆ ನೈಟ್ರೇಟ್ ಆಗುವುದು ಹೆಚ್ಚಾಗಿ ಇಂಥವರ ಊಟದಿಂದಲೇ.

ಎಣಿಕೆಯ ಲೋಕ

ಮಗು ಬೆಳೆಯಿತು ಎಂದರೆ ಅದರ ಮೈ ದೊಡ್ಡದಾಯಿತು ಎಂದರ್ಥ. ಬ್ಯಾಕ್ಟೀರಿಯಾ ಬೆಳೆಯಿತು ಎಂದರೆ ಸಂಖ್ಯೆ ಹೆಚ್ಚಿತು ಎಂದರ್ಥ. ಒಂದು ಕೋಶ ಉದ್ದವಾಗಿ, ಡಿಎನ್‌ಎ ನಕಲು ಮಾಡಿಕೊಂಡು, ನಡುವೆ ಗೋಡೆ ಕಟ್ಟಿ ಎರಡಾಗುವುದಕ್ಕೆ ದ್ವಿವಿದಳನ ಎನ್ನುತ್ತಾರೆ. ಹೀಗೆ ಸಂಖ್ಯೆ ಇಮ್ಮಡಿಯಾಗಲು ಬೇಕಾಗುವ ಸಮಯ ದ್ವಿಗುಣ ಅವಧಿ. ನಮ್ಮ ಕರುಳಿನಲ್ಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಒಳ್ಳೆಯ ಆಹಾರದಲ್ಲಿ, 37 ಡಿಗ್ರಿಯಲ್ಲಿ, 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ 15–20 ಗಂಟೆ ಬೇಕು. ಕಫವನ್ನು ಕಲ್ಚರ್‌ಗೆ ಕೊಟ್ಟವರು ವರದಿಗಾಗಿ ವಾರಗಟ್ಟಲೆ ಕಾಯುವುದಕ್ಕೆ ಇದು ಕಾರಣ.

ಇಮ್ಮಡಿಯ ಲೆಕ್ಕದಲ್ಲಿ ನಮ್ಮ ಅಂದಾಜು ಸದಾ ಸೋಲುತ್ತದೆ. ಒಂದು ಇ. ಕೋಲಿಯ ತೂಕ ಸುಮಾರು ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅದು ಎಲ್ಲೂ ನಿಲ್ಲದೆ 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತಾ ಹೋದರೆ 48 ಗಂಟೆಗಳಲ್ಲಿ ಆ ರಾಶಿ ಭೂಮಿಯ ತೂಕದ ಮೂರು ಸಾವಿರಕ್ಕೂ ಹೆಚ್ಚು ಪಟ್ಟಾಗಬೇಕು. ಹಾಗಾಗುವುದಿಲ್ಲವೆಂದು ಗೊತ್ತೇ ಇದೆ. ಯಾಕಾಗುವುದಿಲ್ಲ ಅನ್ನುವುದನ್ನು ಬೆಳವಣಿಗೆಯ ರೇಖೆ, ಅಂದರೆ ಹೊತ್ತು ಕಳೆದಂತೆ ಸಂಖ್ಯೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ನಕ್ಷೆ, ಹೇಳುತ್ತದೆ.

ಹಿಟ್ಟಿಗೇ ಬರೋಣ. ರುಬ್ಬಿದಾಗ ಒಂದು ಗ್ರಾಂ ಹಿಟ್ಟಿನಲ್ಲಿ 10,000 ಕೋಶಗಳಿವೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಗಂಟೆಗೊಮ್ಮೆ ಇಮ್ಮಡಿಸಿದರೆ 10 ಗಂಟೆಗಳಲ್ಲಿ 1,024 ಪಟ್ಟು, ಅಂದರೆ ಒಂದು ಕೋಟಿ ದಾಟುತ್ತವೆ. ಚಳಿಯಿಂದಾಗಿ ಇಮ್ಮಡಿಗೆ ಒಂದೂವರೆ ಗಂಟೆ ಹಿಡಿದರೆ ಅದೇ 10 ಗಂಟೆಗಳಲ್ಲಿ ಹೆಚ್ಚುವುದು ಬರೀ ನೂರು ಪಟ್ಟು, ಹತ್ತು ಲಕ್ಷ. ಅರ್ಧ ಗಂಟೆಯ ವ್ಯತ್ಯಾಸ ಬೆಳಗಿನ ಹೊತ್ತಿಗೆ ಹತ್ತು ಪಟ್ಟಿನ ವ್ಯತ್ಯಾಸ. ಮೇ ತಿಂಗಳ ಮಂಗಳೂರಿನಲ್ಲಿ ಹಿಟ್ಟು ನಡುರಾತ್ರಿಯೇ ಉಕ್ಕಿ ಚೆಲ್ಲುತ್ತದೆ, ಡಿಸೆಂಬರ್ ಬೆಂಗಳೂರಿನಲ್ಲಿ ಎಂಟು ಗಂಟೆಯಾದರೂ ಕಲ್ಲಿನಂತೆ ಕೂತಿರುತ್ತದೆ, ಗುಟ್ಟು ಇಷ್ಟೇ. ಪುಸ್ತಕಗಳು ದ್ವಿಗುಣ ಅವಧಿಯ ಬದಲು ‘ನಿರ್ದಿಷ್ಟ ಬೆಳವಣಿಗೆ ದರ’ ಎಂದು ಬರೆಯುತ್ತವೆ, ಅದರ ಗುರುತು ಗ್ರೀಕಿನ ಮ್ಯೂ ಅಕ್ಷರ. ಹೆದರಬೇಕಾಗಿಲ್ಲ: 0.693 ಅನ್ನು ದ್ವಿಗುಣ ಅವಧಿಯಿಂದ ಭಾಗಿಸಿದರೆ ಅದು ಸಿಗುತ್ತದೆ. ಗಂಟೆಗೊಮ್ಮೆ ಇಮ್ಮಡಿಸುವುದರ ದರ ಗಂಟೆಗೆ 0.693; 20 ನಿಮಿಷದ ಇ. ಕೋಲಿಯದು ಗಂಟೆಗೆ ಸುಮಾರು 2.1.

ರೇಖೆಯ ಮೊದಲ ಹಂತ ಲ್ಯಾಗ್, ಎರಡನೆಯದು ಲಾಗ್. ಉತ್ತರಪತ್ರಿಕೆಗಳಲ್ಲಿ ಈ ಒಂದು ಯಕಾರದ ಒತ್ತು ಮಾಡುವ ಅನಾಹುತವನ್ನು ನಾನು ಎಷ್ಟು ವರ್ಷಗಳಿಂದ ನೋಡುತ್ತಿದ್ದೇನೋ! ಲ್ಯಾಗ್ ಎಂದರೆ ತಡ. ಲಾಗ್ ಎಂದರೆ ಲಾಗರಿದಂ. ಸಂಖ್ಯೆಯ ಲಾಗರಿದಂ ತೆಗೆದು ನಕ್ಷೆ ಬರೆದರೆ ಈ ಹಂತದಲ್ಲಿ ರೇಖೆ ನೆಟ್ಟಗೆ ಏರುತ್ತದೆ, ಅದಕ್ಕೆ ಆ ಹೆಸರು. ಲ್ಯಾಗ್ ಹಂತದಲ್ಲಿ ಸಂಖ್ಯೆ ಹೆಚ್ಚುವುದಿಲ್ಲ, ಆದರೆ ಕೋಶ ಮಲಗಿಲ್ಲ. ಹೊಸ ಊರಿಗೆ ವರ್ಗವಾಗಿ ಬಂದವರು ಗ್ಯಾಸ್ ಕನೆಕ್ಷನ್, ಹಾಲು, ಪೇಪರ್ ಹೊಂದಿಸಿಕೊಳ್ಳುವ ಹಾಗೆ ಅದು ಹೊಸ ಆಹಾರಕ್ಕೆ ಬೇಕಾದ ಕಿಣ್ವಗಳನ್ನು ತಯಾರಿಸುತ್ತಿರುತ್ತದೆ. ಅಂದರೆ ಚಯಾಪಚಯ ಇದೆ, ಬೆಳವಣಿಗೆ ಇಲ್ಲ.

ಲ್ಯಾಗ್ ಎಷ್ಟು ಹೊತ್ತು ಎಂಬುದು ಇನಾಕ್ಯುಲಂ ಮೇಲೆ ನಿಂತಿದೆ. ಇದಕ್ಕೆ ಕನ್ನಡದಲ್ಲಿ ಪಾರಿಭಾಷಿಕ ಪದ ಹುಡುಕಿ ಸುಸ್ತಾಗಬೇಕಿಲ್ಲ, ಹೆಪ್ಪು ಎಂಬ ಮಾತು ಯಾವತ್ತಿನಿಂದಲೂ ಇದೆ. ಹಾಲು ಮಾಧ್ಯಮ, ಅಂದರೆ ಕೋಶಗಳು ಬೆಳೆಯುವ ಆಹಾರ; ಒಂದು ಚಮಚ ಮೊಸರು ಇನಾಕ್ಯುಲಂ. ಹಾಲು ಕಾಯಿಸುವಾಗ ಬೇರೆ ಪೈಪೋಟಿದಾರರು ಬಹುಪಾಲು ಸತ್ತಿರುತ್ತಾರೆ. ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕುವುದು ನಮಗೆ ಬೇಕಾದವರು ಸಾಯದಿರಲೆಂದು. ಇವತ್ತಿನ ತಾಜಾ ಮೊಸರಿನ ಹೆಪ್ಪಿಗೆ ಲ್ಯಾಗ್ ಚಿಕ್ಕದು, ಫ್ರಿಜ್ಜಿನಲ್ಲಿ ವಾರ ಕಳೆದ ಹೆಪ್ಪಿಗೆ ಉದ್ದ. ಮೊಸರು, ದೋಸೆ ಹಿಟ್ಟಿನ ಬ್ಯಾಕ್ಟೀರಿಯಾಗಳು ಮಧ್ಯಮ ತಾಪದವು, ಮೀಸೊಫೈಲ್‌ಗಳು. ಚಳಿಯನ್ನೇ ಬಯಸುವವು ಸೈಕ್ರೊಫೈಲ್, ಬಿಸಿ ಬಯಸುವವು ಥರ್ಮೊಫೈಲ್. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯಲ್ಲಿ ಥಾಮಸ್ ಬ್ರಾಕ್ ಕಂಡುಕೊಂಡ ಥರ್ಮಸ್ ಅಕ್ವಾಟಿಕಸ್ ಮೂರನೆಯ ಬಗೆಯದು. ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಪರೀಕ್ಷೆಗಳು ನಿಂತಿರುವುದು ಅದರ ಕಿಣ್ವದ ಮೇಲೆ.

ಲ್ಯಾಗ್ ಹಂತದ ಅತಿ ಸೊಗಸಾದ ಕತೆ ಪ್ಯಾರಿಸ್‌ನದು. 1941ರಲ್ಲಿ, ಊರು ಜರ್ಮನ್ ಸೈನ್ಯದ ವಶದಲ್ಲಿದ್ದಾಗ, ಜಾಕ್ ಮೊನೊ ಎಂಬ ತರುಣ ಬ್ಯಾಕ್ಟೀರಿಯಾಗಳಿಗೆ ಎರಡೆರಡು ಸಕ್ಕರೆ ಬೆರೆಸಿ ಕೊಟ್ಟು ಬೆಳವಣಿಗೆ ಅಳೆಯುತ್ತಿದ್ದರು. ಕೆಲವು ಜೋಡಿಗಳಲ್ಲಿ ರೇಖೆ ಏರಿತು, ಮಟ್ಟಸವಾಯಿತು, ಮತ್ತೆ ಏರಿತು. ಗ್ಲೂಕೋಸ್ ಇರುವಷ್ಟು ಹೊತ್ತು ಕೋಶಗಳು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಗ್ಲೂಕೋಸ್ ಮುಗಿದ ಮೇಲೆ ಒಂದು ಹೊಸ ಲ್ಯಾಗ್. ಆ ಬಿಡುವಿನಲ್ಲಿ ಎರಡನೆಯ ಸಕ್ಕರೆಯ ಕಿಣ್ವ ತಯಾರಿ. ಊಟದಲ್ಲಿ ಮೊದಲು ಪಾಯಸ ಖಾಲಿ ಮಾಡಿ ಆಮೇಲೆ ಅನ್ನಕ್ಕೆ ಕೈ ಹಾಕುವ ಮಕ್ಕಳ ರೀತಿ. ಮೊನೊ ಇದನ್ನು ಡಯಾಕ್ಸಿ ಎಂದು ಕರೆದರು. ಬರೀ ಎಣಿಕೆಯ ರೇಖೆಯೊಂದು ಕೋಶದ ಒಳಗಿನ ಗುಟ್ಟನ್ನು ಹೊರಹಾಕಿತ್ತು. ಜೀನುಗಳು ಬೇಕೆಂದಾಗ ಮಾತ್ರ ಕೆಲಸಕ್ಕಿಳಿಯುತ್ತವೆ ಎಂಬ ತಿಳಿವಳಿಕೆಗೆ ಆ ದಾರಿ ಒಯ್ದಿತು. 1965ರ ನೊಬೆಲ್ ಮೊನೊ, ಫ್ರಾಂಸ್ವಾ ಜಾಕೋಬ್ ಮತ್ತು ಆಂದ್ರೆ ಲ್ವಾಫ್ ಅವರಿಗೆ ಸಂದಿತು.

ಅಷ್ಟೊಂದು ಕೋಶಗಳನ್ನು ಎಣಿಸುವುದು ಹೇಗೆ? ಒಂದು ವಿಧಾನ, ದ್ರವ ಎಷ್ಟು ಮಬ್ಬಾಗಿದೆ ಎಂದು ಬೆಳಕು ಹಾಯಿಸಿ ನೋಡುವುದು. ಬೇಗ ಮುಗಿಯುತ್ತದೆ, ಆದರೆ ಸತ್ತ ಕೋಶವೂ ಮಬ್ಬು ಮಾಡುತ್ತದೆ. ಇನ್ನೊಂದು, ಹತ್ತು ಹತ್ತು ಪಟ್ಟು ತೆಳುಮಾಡುತ್ತಾ ಹೋಗಿ, ಅಗಾರ್ ಎಂಬ ಕಡಲಪಾಚಿಯ ಅಂಟಿನಿಂದ ಗಟ್ಟಿಮಾಡಿದ ಆಹಾರದ ತಟ್ಟೆಯ ಮೇಲೆ ಹರಡಿ, ಮಾರನೆಯ ದಿನ ಎದ್ದ ಚುಕ್ಕೆಗಳನ್ನು ಎಣಿಸುವುದು. ಆ ಚುಕ್ಕೆ ಒಂದು ಕಾಲೊನಿ. (ಅಗಾರ್ ಬಳಸಿ ಎಂದು 1881ರಲ್ಲಿ ಸೂಚಿಸಿದ್ದು ಫ್ಯಾನಿ ಹೆಸ್ಸೆ, ಆಕೆಗೆ ಅದರ ಪರಿಚಯ ಅಡುಗೆಮನೆಯಿಂದ ಬಂದದ್ದು.) ವರದಿಗಳಲ್ಲಿ ‘ಇಷ್ಟು ಬ್ಯಾಕ್ಟೀರಿಯಾ’ ಎನ್ನದೆ ‘ಇಷ್ಟು ಸಿಎಫ್‌ಯು’, ಅಂದರೆ ಕಾಲೊನಿ ಕಟ್ಟುವ ಘಟಕ, ಎಂದು ಬರೆಯುವುದು ಪ್ರಾಮಾಣಿಕತೆಗಾಗಿ. ಲ್ಯೂಕೊನಾಸ್ಟಾಕ್ ಸರಪಳಿಯಾಗಿ ಇರುತ್ತದೆ. ಎಂಟು ಕೋಶದ ಸರಪಳಿಯಿಂದಲೂ ಎದ್ದೇಳುವುದು ಒಂದೇ ಚುಕ್ಕೆ.

ನಿಂತ ಮೇಲೂ ನಡೆಯುವುದು

ಮೂರನೆಯದು ಸ್ಥಾಯಿ ಹಂತ. ರೇಖೆ ಮಟ್ಟಸವಾಗುತ್ತದೆ, ಸಂಖ್ಯೆ ಇನ್ನು ಏರುವುದಿಲ್ಲ. ಯಾಕೆ ಎಂದು ಕೇಳಿದರೆ ತರಗತಿಯಲ್ಲಿ ಬರುವ ಸಿದ್ಧ ಉತ್ತರ ‘ಆಹಾರ ಮುಗಿಯಿತು’. ಮೊಸರಿನಲ್ಲಿ ಅದು ಸುಳ್ಳು. ಹಾಲಿನಲ್ಲಿ ಸುಮಾರು 5 ಶೇಕಡಾ ಇರುವ ಲ್ಯಾಕ್ಟೋಸ್ ಸಕ್ಕರೆಯ ಬಹುಪಾಲು ಗಟ್ಟಿ ಮೊಸರಿನಲ್ಲೂ ಹಾಗೇ ಉಳಿದಿರುತ್ತದೆ. ಅನ್ನ ಇದೆ, ಆದರೆ ಮನೆ ತುಂಬ ಕಸ. ಬೆಳವಣಿಗೆಯನ್ನು ತಡೆಯುವುದು ಅವು ತಾವೇ ಹೊರಹಾಕಿದ ಆಮ್ಲ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಹಾಲಿನ ಪಿಎಚ್ ಸುಮಾರು 6.7, ಅದು 4.6ರ ಹತ್ತಿರ ಇಳಿದಾಗ ಕೇಸೀನ್ ಪ್ರೋಟೀನು ಕೂಡಿಕೊಂಡು ಮೊಸರು ಗಟ್ಟಿಯಾಗುತ್ತದೆ. ಅಷ್ಟು ಹುಳಿಯಲ್ಲಿ ಲ್ಯಾಕ್ಟಿಕ್ ಆಮ್ಲದ ಒಂದು ಪಾಲು ಪ್ರೋಟಾನ್ ಬಿಟ್ಟುಕೊಡದೆ, ಪೊರೆ ದಾಟಿ ಕೋಶದೊಳಗೆ ನುಸುಳಿ, ಒಳಗೆ ಹೋದ ಮೇಲೆ ಅದನ್ನು ಬಿಡುತ್ತದೆ. ಹೀಗೆ ಒಳಬಂದ ಪ್ರೋಟಾನುಗಳನ್ನು ಹೊರದೂಡಲು ಕೋಶ ಎಟಿಪಿ ಸುಡಬೇಕು. ಕೂಲಿಯೆಲ್ಲ ಸೋರುವ ದೋಣಿಯ ನೀರು ಹೊರಹಾಕುವುದರಲ್ಲೇ ಮುಗಿದರೆ ಹೊಸ ದೋಣಿ ಕಟ್ಟುವುದು ಯಾವಾಗ? ಇನ್ನೂ ಮುಂದೆ ಹೋದರೆ ನಾಲ್ಕನೆಯ ಹಂತ, ಸಾವು.

ದೋಸೆ ಹಿಟ್ಟು, ಮೊಸರು ಎರಡೂ ಬ್ಯಾಚ್ ಕಲ್ಚರ್: ಒಮ್ಮೆ ತುಂಬಿ ಮುಚ್ಚಿಟ್ಟದ್ದು. ಒಂದು ಕಡೆಯಿಂದ ಆಹಾರ ಹಾಕುತ್ತಾ ಇನ್ನೊಂದು ಕಡೆಯಿಂದ ಹೊರಬಿಡುತ್ತಾ ಹೋದರೆ ಅದು ನಿರಂತರ ಕಲ್ಚರ್. 1950ರಲ್ಲಿ ಇದಕ್ಕೆ ಕೆಮೊಸ್ಟ್ಯಾಟ್ ಎಂಬ ಉಪಕರಣ ಬಂತು. ಹಳ್ಳಿಯ ಗೋಬರ್ ಗ್ಯಾಸ್ ಗುಂಡಿ ಅದರ ದೂರದ ನೆಂಟ. ದಿನಾ ಸಗಣಿ ಬಗ್ಗಡ ಒಳಗೆ, ದಿನಾ ಬಗ್ಗಡ ಹೊರಗೆ. ಮೀಥೇನ್ ಮಾಡುವ ಜೀವಿಗಳು ನಿಧಾನಸ್ಥರು. ಅವು ಇಮ್ಮಡಿಸುವ ವೇಗಕ್ಕಿಂತ ಬೇಗ ಗುಂಡಿ ಖಾಲಿಯಾದರೆ ಅವೇ ತೊಳೆದುಹೋಗುತ್ತವೆ. ಇದಕ್ಕೆ ವಾಶ್‌ಔಟ್ ಎನ್ನುತ್ತಾರೆ. ಬಗ್ಗಡ 30–50 ದಿನ ಒಳಗೇ ಇರುವಂತೆ ಗುಂಡಿಯ ಗಾತ್ರ ಗೊತ್ತುಮಾಡುವುದರ ಹಿಂದೆ ಈ ಲೆಕ್ಕವೂ ಇದೆ.

ಸ್ಥಾಯಿ ಹಂತವನ್ನು ಸೋಮಾರಿ ಹಂತ ಎಂದುಕೊಳ್ಳಬೇಡಿ. ಬೆಳವಣಿಗೆಗೆ ನೇರವಾಗಿ ಬೇಕಾದ ವಸ್ತುಗಳು ಪ್ರಾಥಮಿಕ ಮೆಟಬಾಲೈಟುಗಳು. ಬೆಳವಣಿಗೆ ಕುಗ್ಗಿದ ಮೇಲೆ ಹೆಚ್ಚಾಗಿ ತಯಾರಾಗುವವು ದ್ವಿತೀಯಕ ಮೆಟಬಾಲೈಟುಗಳು. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಈ ಗುಂಪಿನವು. ಪ್ರತಿಜೀವಕ (ಆಂಟಿಬಯಾಟಿಕ್) ತಯಾರಿಸುವವರು ಕಾಯುವುದೇ ರೇಖೆ ಮಟ್ಟಸವಾಗಲೆಂದು.

ಈಗ ಫ್ರಿಜ್ಜಿನ ಬಾಗಿಲು ತೆಗೆಯಬಹುದು. ಬೆಳಗಿನ ಹೊತ್ತಿಗೇ ಹಿಟ್ಟು ಸ್ಥಾಯಿ ಹಂತದ ಹತ್ತಿರ ಬಂದಿತ್ತು. 4 ಡಿಗ್ರಿಯ ಚಳಿ ಉಳಿದ ಬೆಳವಣಿಗೆಯನ್ನೂ ಬಹುಮಟ್ಟಿಗೆ ನಿಲ್ಲಿಸಿತು. ಆದರೆ ಒಂದೊಂದು ಗ್ರಾಂ ಹಿಟ್ಟಿನಲ್ಲೂ ಕೋಟಿಗಟ್ಟಲೆ ಕೋಶಗಳು ಬದುಕೇ ಇವೆ. ಹೊಸದನ್ನು ಕಟ್ಟದಿದ್ದರೂ ಇದ್ದುದನ್ನು ಉಳಿಸಿಕೊಳ್ಳಲು, ಕೆಟ್ಟ ಪ್ರೋಟೀನು ರಿಪೇರಿ ಮಾಡಲು, ನುಸುಳಿದ ಪ್ರೋಟಾನು ಹೊರದೂಡಲು ಎಟಿಪಿ ಬೇಕು. ಇದಕ್ಕೆ ನಿರ್ವಹಣಾ ಶಕ್ತಿ ಎಂದು ಹೆಸರು, ಬಾಡಿಗೆ, ಕರೆಂಟು ಬಿಲ್ಲಿನಂಥ ಖರ್ಚು. ಎಟಿಪಿ ಬೇಕೆಂದರೆ ಸಕ್ಕರೆ ಒಡೆಯಬೇಕು, ಒಡೆದರೆ ಬಾಂಡ್ಲಿ ತುಂಬುತ್ತದೆ, ತುಂಬಿದ್ದನ್ನು ಸುರಿಯಲು ಇರುವುದು ಮುಖ್ಯವಾಗಿ ಪೈರುವೇಟ್. ಅದರ ಮೇಲೆ ಸುರಿದಾಗಲೆಲ್ಲ ಒಂದು ಲ್ಯಾಕ್ಟಿಕ್ ಆಮ್ಲ. ಚಳಿ ಕಿಣ್ವಗಳನ್ನು ನಿಧಾನ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. 1959ರಲ್ಲಿ ಲುಡೆಕಿಂಗ್ ಮತ್ತು ಪಿರೆ ಎಂಬವರು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳನ್ನು ಅಳೆದು ಇದನ್ನೇ ಸಮೀಕರಣವಾಗಿ ಬರೆದರು: ಆಮ್ಲ ತಯಾರಾಗುವ ವೇಗಕ್ಕೆ ಎರಡು ಭಾಗ. ಒಂದು ಬೆಳವಣಿಗೆಯ ವೇಗವನ್ನು ಅವಲಂಬಿಸಿದ್ದು. ಇನ್ನೊಂದು ಈಗಾಗಲೇ ಇರುವ ಕೋಶಗಳ ಮೊತ್ತವನ್ನಷ್ಟೇ ಅವಲಂಬಿಸಿದ್ದು. ಫ್ರಿಜ್ಜಿನೊಳಗೆ ಮೊದಲನೆಯ ಭಾಗ ಸೊನ್ನೆಯ ಹತ್ತಿರ. ನಾಲ್ಕನೆಯ ದಿನದ ಹುಳಿ ಎರಡನೆಯದರ ಕೊಡುಗೆ.

ಅಂಥ ಹಿಟ್ಟಿಗೆ ಒಂದಿಷ್ಟು ಅಕ್ಕಿ ಹಿಟ್ಟು, ನೀರು ಕಲಸಿ ಹುಳಿ ತಗ್ಗಿಸುವುದು ಎಲ್ಲರೂ ಮಾಡುವ ಉಪಾಯ. ಮಾಡಿದರೆ ಆಗಲೇ ದೋಸೆ ಹೊಯ್ದು ಮುಗಿಸಿ. ಆಮ್ಲ ತೆಳುವಾಯಿತು, ಹೊಸ ಆಹಾರ ಸಿಕ್ಕಿತು, ಹೆಪ್ಪಂತೂ ಭರ್ಜರಿಯಾಗಿದೆ. ಕಟ್ಟೆಯ ಮೇಲೆ ಮರೆತು ಬಿಟ್ಟರೆ ಸಣ್ಣದೊಂದು ಲ್ಯಾಗ್ ಮುಗಿಸಿ ಮಧ್ಯಾಹ್ನದೊಳಗೆ ರೇಖೆ ಮತ್ತೆ ಏರತೊಡಗಿರುತ್ತದೆ.